ಕೌದಿಯ ಮೇಲೆ ಬರೆದ ಕಥೆ

ಹಾರ್ಲೆಮ್‌ನಲ್ಲಿ 1930ರಲ್ಲಿ ಹುಟ್ಟಿದ ಕಪ್ಪು ಕಲಾವಿದೆ ಫೇತ್ ರಿಂಗ್‌ಗೋಲ್ಡ್ ಆತ್ಮಕಥೆ ಬರೆದಾಗ ಅದಕ್ಕೆ ಪ್ರಕಾಶಕರು ಸಿಗಲಿಲ್ಲ. ಕೌದಿ ಹೊಲಿಯುವುದು ಅವರ ಮನೆತನದಲ್ಲಿ ಗುಲಾಮಗಿರಿಯ ಕಾಲದಿಂದ ಬಂದ ಕೆಲಸ. 1980ರಲ್ಲಿ ತಾಯಿಯ ಜೊತೆ ಕೂತು ಅವರು ಮೊದಲ ಕೌದಿ ಮಾಡಿದ್ದರು. ತಾಯಿ ತೀರಿಕೊಂಡ ಮೇಲೆ, 1983ರಿಂದ, ಕೌದಿಯ ಮೇಲೆಯೇ ಕಥೆ ಬರೆಯತೊಡಗಿದರು.

1988ರ ‘ಟಾರ್ ಬೀಚ್’ ಕೌದಿಯ ನಡುವೆ ಚಿತ್ರ, ಅಂಚಿನ ಪಟ್ಟಿಗಳಲ್ಲಿ ಅಕ್ಷರ. ಮಾಳಿಗೆಯ ಮೇಲೆ ಮಲಗಿದ ಪುಟ್ಟ ಹುಡುಗಿಯೊಬ್ಬಳು ಜಾರ್ಜ್ ವಾಷಿಂಗ್ಟನ್ ಸೇತುವೆಯನ್ನು ಹಾರಿ ದಾಟುತ್ತಾಳೆ. ಆ ಸೇತುವೆ ಕಟ್ಟಿದವರಲ್ಲಿ ಅವಳ ಅಪ್ಪನೂ ಒಬ್ಬ. ಆದರೆ ಕಾರ್ಮಿಕ ಸಂಘದಲ್ಲಿ ಅವನಿಗೆ ಜಾಗವಿಲ್ಲ.

1991ರಲ್ಲಿ ಈ ಕಥೆ ಮಕ್ಕಳ ಪುಸ್ತಕವಾಯಿತು. 1995ರಲ್ಲಿ ಆತ್ಮಕಥೆಯೂ ಅಚ್ಚಾಯಿತು. ಅಲ್ಲಿಯವರೆಗೆ ಅವರ ಮಾತನ್ನು ಜನರಿಗೆ ಮುಟ್ಟಿಸಿದ್ದು ಕೌದಿ.