ಪರದೆಯ ಆಚೆಯಿಂದ ಉತ್ತರ ಬಂದಾಗ

ಊರಿನ ಅಜ್ಜಿ-ತಾತನ ಮುಖವನ್ನು ಮೊಬೈಲಿನಲ್ಲಿ ನೋಡುತ್ತಲೇ ಬೆಳೆದ ನಮ್ಮ ಮಕ್ಕಳಿಗೆ ವಿಡಿಯೋ ಕರೆ ಒಂದು ವಿಶೇಷವೇ ಅಲ್ಲ. ಆದರೆ ತರಗತಿಯಲ್ಲಿ ಕುಳಿತ ಮಕ್ಕಳು ದೂರದವರನ್ನು ಕಂಡು, ಪ್ರಶ್ನೆ ಕೇಳಿ, ಉತ್ತರ ಪಡೆಯುವಂತಾಗಲು ದಶಕಗಳೇ ಹಿಡಿದವು. ಆ ಇತಿಹಾಸದಲ್ಲಿ ಕರ್ನಾಟಕದ ಹಳ್ಳಿಗಳಿಗೂ ಜಾಗವಿದೆ.

1975ರ ಆಗಸ್ಟ್ 1ರಂದು ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ 'ಸೈಟ್' ಎಂಬ ಪ್ರಯೋಗವನ್ನು ಆರಂಭಿಸಿದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಟಿವಿ ಕಾರ್ಯಕ್ರಮ ಬಂತು. ಅಂದಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಒಂದು ವರ್ಷದ ಅವಧಿ ಮುಗಿದ ಮೇಲೆ ಉಪಗ್ರಹ ಹಿಂದಕ್ಕೆ ಹೋಯಿತು. ಪಾಠ ಆಕಾಶದಿಂದ ಇಳಿದಿತ್ತು ನಿಜ, ಆದರೆ ಮಗುವಿನ ಪ್ರಶ್ನೆ ಮೇಲೇರುವ ದಾರಿ ಇರಲಿಲ್ಲ.

ಆ ದಾರಿ ತೆರೆದದ್ದು ಮೆಲ್ಲಗೆ. 1995ರಲ್ಲಿ ಇಸ್ರೋ ತರಬೇತಿಗೆಂದೇ ಒಂದು ವಾಹಿನಿ ನಡೆಸತೊಡಗಿತು. ಚಿತ್ರ ಒಂದೇ ಕಡೆಯಿಂದ ಬರುತ್ತಿತ್ತು, ಮಾತು ಮಾತ್ರ ಎರಡೂ ಕಡೆಯಿಂದ. ನೋಡುತ್ತಿದ್ದವರು ಫೋನಿನಲ್ಲಿ ಪ್ರಶ್ನೆ ಕೇಳಬಹುದಿತ್ತು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಶಿಕ್ಷಣಕ್ಕಾಗಿಯೇ ಮೀಸಲಾದ ಎಜುಸ್ಯಾಟ್ ಹಾರಿತು. ಅದರ ಮೊದಲ ಪ್ರಯೋಗಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇತ್ತು, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಇದ್ದವು.

ಅಷ್ಟರಲ್ಲಿ ಇಂಟರ್ನೆಟ್ ಬೇರೆಯೇ ದಾರಿ ತೋರಿಸಿತು. 2003ರಲ್ಲಿ ಬಂದ ಸ್ಕೈಪ್‌ಗೆ ಕೆಲವೇ ವರ್ಷಗಳಲ್ಲಿ ವಿಡಿಯೋ ಸೇರಿತು. ಉಪಗ್ರಹ, ಸ್ಟುಡಿಯೋ ಯಾವುದೂ ಬೇಕಿಲ್ಲ, ಒಂದು ಕಂಪ್ಯೂಟರು ಸಾಕು ಎಂದಾಯಿತು. ಶಿಕ್ಷಕರು ಇದರಲ್ಲೊಂದು ಆಟ ಕಟ್ಟಿದರು. ಎರಡು ದೂರದ ತರಗತಿಗಳು ಎದುರುಬದುರಾಗುತ್ತವೆ. 'ಹೌದು', 'ಅಲ್ಲ' ಎಂಬ ಉತ್ತರಗಳಷ್ಟರಿಂದಲೇ ಎದುರಿನವರ ಊರು ಯಾವುದೆಂದು ಮಕ್ಕಳು ಪತ್ತೆ ಹಚ್ಚಬೇಕು. 'ಮಿಸ್ಟರಿ ಸ್ಕೈಪ್' ಎಂಬ ಈ ಆಟ ಹಲವು ದೇಶಗಳ ಶಾಲೆಗಳಿಗೆ ಹಬ್ಬಿತು. 2009ರಲ್ಲಿ ಶಿಕ್ಷಣತಜ್ಞ ಸುಗತ ಮಿತ್ರ ಬ್ರಿಟನ್ನಿನ ಸ್ವಯಂಸೇವಕರನ್ನು ಸ್ಕೈಪ್ ಮೂಲಕ ಭಾರತದ ಮಕ್ಕಳೊಂದಿಗೆ ಜೋಡಿಸಿದರು. ಅವರಲ್ಲಿ ನಿವೃತ್ತ ಶಿಕ್ಷಕಿಯರೂ ಇದ್ದರು. ಅದಕ್ಕೆ 'ಗ್ರ್ಯಾನಿ ಕ್ಲೌಡ್' ಎಂಬ ಹೆಸರು ಬಂತು. ಅವರ ಕೆಲಸ ಪಾಠ ಹೇಳುವುದಲ್ಲ; ಅಜ್ಜಿಯರ ಹಾಗೆ ಕಥೆ ಹೇಳಿ, ಮಾತಿಗೆಳೆದು, 'ಭೇಷ್, ಇನ್ನೂ ಹೇಳು' ಎನ್ನುವುದು.

ಯುಎಇಯಲ್ಲಿರುವ ನಮ್ಮ ಕಥೆ ಸ್ವಲ್ಪ ಬೇರೆ. ಇಂಟರ್ನೆಟ್ ಕರೆಗಳಿಗೆ ಇಲ್ಲಿ ಕಟ್ಟುಪಾಡುಗಳಿದ್ದವು. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಹೋಗುತ್ತಿತ್ತು, ಕರೆ ಹೋಗುತ್ತಿರಲಿಲ್ಲ. ಊರಿಗೆ ಮುಖ ತೋರಿಸಲು ಬೋಟಿಮ್ ಹುಡುಕಿಕೊಂಡವರು ನಾವು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆಗಳು ಬಾಗಿಲು ಹಾಕಿದಾಗ, ದೂರಶಿಕ್ಷಣಕ್ಕಾಗಿ ಟೀಮ್ಸ್, ಝೂಮ್ ಮುಂತಾದವುಗಳಿಗೆ ಇಲ್ಲಿನ ದೂರಸಂಪರ್ಕ ಪ್ರಾಧಿಕಾರ ಅವಕಾಶ ಕೊಟ್ಟಿತು. ನಮ್ಮ ಊಟದ ಮೇಜುಗಳೇ ತರಗತಿಗಳಾದವು. ಅದೇ ವರ್ಷ ಕರ್ನಾಟಕದಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಮಕ್ಕಳಿಗೆ ಚಂದನ ವಾಹಿನಿಯ ಪಾಠವೇ ಆಸರೆಯಾಯಿತು. ಅಂದರೆ ಮತ್ತೆ 1975ರ ಒಮ್ಮುಖದ ಪಾಠ! ಆ ಕೊರತೆ ತುಂಬಲು 'ವಿದ್ಯಾಗಮ'ದಲ್ಲಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಬೇಕಾಯಿತು.

ಚಿತ್ರ ಎಷ್ಟು ಸ್ಪಷ್ಟ ಎನ್ನುವುದಕ್ಕಿಂತ ಮಗುವಿನ ಮಾತಿಗೆ ಆಚೆಯಿಂದ ಮರುಮಾತು ಬರುತ್ತದೆಯೇ ಎನ್ನುವುದು ಮುಖ್ಯ ಎಂಬುದನ್ನು ಈ ಇತಿಹಾಸ ಮತ್ತೆ ಮತ್ತೆ ತೋರಿಸಿದೆ. ನಮ್ಮ ಕನ್ನಡ ತರಗತಿಗಳಿಗೂ ಈ ಮಾತು ಅನ್ವಯಿಸುತ್ತದೆ. ನಮ್ಮ ಅನೇಕ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷ್. ಅಪ್ಪ-ಅಮ್ಮನಿಗೆ ಇಂಗ್ಲಿಷ್ ಬರುತ್ತದೆಂದು ಗೊತ್ತಿರುವ ಮಗು ಕನ್ನಡಕ್ಕೆ ಯಾಕೆ ಕಷ್ಟಪಡಬೇಕು? ಅಕ್ಷರಮಾಲೆ ಕಲಿಸಿದರೂ ಈ ತೊಡಕು ಬಿಡಿಸಿದಂತಾಗುವುದಿಲ್ಲ. ಆದರೆ ರಾಯಚೂರಿನ ಹಳ್ಳಿಯ ಹುಡುಗಿಯೊಬ್ಬಳು ಪರದೆಯಲ್ಲಿ ಕಾಣಿಸಿಕೊಂಡು, 'ನಿಮ್ಮಲ್ಲಿ ಮಳೆ ಯಾವಾಗ ಬರತೈತಿ?' ಎಂದು ಕೇಳಿದರೆ, ಉತ್ತರ ಕನ್ನಡದಲ್ಲೇ ಬರಬೇಕು. ಆಗ ಅದು ಅವನ ಅಗತ್ಯದ ಭಾಷೆಯಾಗುತ್ತದೆ. ಆ ಹುಡುಗಿಗೂ ಮರಳುಗಾಡು, ಒಂಟೆ, ಮೆಟ್ರೋ ಎಲ್ಲವೂ ತನ್ನದೇ ಭಾಷೆಯಲ್ಲಿ ಸಿಗುತ್ತವೆ.

ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಅಲ್ಲಿನ ಸಮಯ ಇಲ್ಲಿಗಿಂತ ಒಂದೂವರೆ ಗಂಟೆ ಮುಂದೆ. ಶನಿವಾರ ಬೆಳಿಗ್ಗೆ ಅಲ್ಲಿ ಶಾಲೆ, ಇಲ್ಲಿ ರಜೆ. ನಾವು ಎಂಟು ಗಂಟೆಗೆ ಕುಳಿತರೆ ಅಲ್ಲಿ ಒಂಬತ್ತೂವರೆ. ನಮ್ಮಲ್ಲಿ ಒಬ್ಬೊಬ್ಬರೂ ತಾವು ಓದಿದ ಊರಿನ ಶಾಲೆಯ ಮೇಷ್ಟ್ರಿಗೆ ಒಂದು ಫೋನು ಮಾಡಿದರೆ ಜೋಡಿ ಕೂಡಿಬರುತ್ತದೆ. ಅಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಬೇಸರ ಬೇಡ; ಮುಂದಿನ ವಾರ ಮತ್ತೆ ಕರೆಯೋಣ. 2025ರ ಮೇ ತಿಂಗಳಲ್ಲಿ ಸ್ಕೈಪ್ ಬಾಗಿಲು ಮುಚ್ಚಿತು, ನಾಳೆ ಇನ್ನೊಂದು ಆ್ಯಪ್ ಬರುತ್ತದೆ. ನಮ್ಮ ಮಕ್ಕಳ ಜೊತೆ ಕನ್ನಡದಲ್ಲಿ ಮಾತಾಡುವ ಗೆಳೆಯರು ಆಚೆ ಬದಿಯಲ್ಲಿ ಇರಲಿ, ಅಷ್ಟೇ.