ಟೀವಿಯ ಭೀಮ, ಸಿನೆಮಾದ ಭೀಮ

ಗೋಗಿಯ ಓಣಿಗಳಲ್ಲಿ ಬೆಳೆಯುವ ಮಕ್ಕಳಿಗೆ ಡೋರೆಮಾನ್ ಮತ್ತು ಛೋಟಾ ಭೀಮ್ ಪಕ್ಕದ ಮನೆಯವರಿದ್ದಂತೆ. ಉರ್ದು ಮಾತಾಡುವ ಮನೆಗಳಲ್ಲಿ ಈ ಕಾರ್ಟೂನುಗಳ ಹಿಂದಿ ಸಲೀಸಾಗಿ ತಿಳಿಯುತ್ತದೆ. ಕನ್ನಡ ಮಾತಾಡುವ ಮನೆಗಳ ಮಕ್ಕಳು ಕಾರ್ಟೂನಿನಿಂದಲೇ ಹಿಂದಿ ಕಲಿತುಬಿಡುತ್ತಾರೆ. (ಕನ್ನಡಕ್ಕೆ ಡಬ್ಬಿಂಗ್ ಮಾಡುವುದರ ಮೇಲೆ ದಶಕಗಳ ಕಾಲ ಅಘೋಷಿತ ನಿಷೇಧವಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಅದು ಸಲ್ಲದೆಂದು ಹೇಳಿತು. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಬೇರೆ ಭಾಷೆಯಲ್ಲಿ ನಕ್ಕು ಅತ್ತು ದೊಡ್ಡವರಾಗಿದ್ದರು. ಅದು ಬೇರೆಯೇ ಲೇಖನದ ವಿಷಯ.) ಈ ಮಕ್ಕಳು ಕೇಳುವ ಒಂದು ಪ್ರಶ್ನೆ ಇದೆ. ‘ಸಿನೆಮಾದಾಗ ನೊಬಿತಾ ಡೈನೋಸಾರ್ ಮರಿ ಸಾಕಿದ್ದ, ಅತಗೋತ ಅದನ್ನ ಬಿಟ್ಟು ಬಂದ. ಟೀವಿಯಾಗ ಅದರ ಹೆಸರೂ ತಗಿಯಂಗಿಲ್ಲಲ್ಲ, ಯಾಕ?’

ಪ್ರಶ್ನೆ ಸಣ್ಣದಲ್ಲ. ಒಂದೇ ಹೆಸರು, ಒಂದೇ ಮುಖ, ಒಂದೇ ಊರು. ಆದರೂ ಟೀವಿಯ ಕಥೆಗೂ ಸಿನೆಮಾದ ಕಥೆಗೂ ಕೊಂಡಿ ಇಲ್ಲ. ಇದು ಬರೆದವರ ಮರೆವು ಎಂದು ದೊಡ್ಡವರು ಹೇಳಿ ಕೈತೊಳೆದುಕೊಳ್ಳುತ್ತಾರೆ. ಮರೆವಲ್ಲ, ಲೆಕ್ಕ ಹಾಕಿಯೇ ಮಾಡಿದ್ದು.

ಡೋರೆಮಾನ್ ಹುಟ್ಟಿದ್ದು ಜಪಾನಿನ ಮಕ್ಕಳ ಪತ್ರಿಕೆಗಳಲ್ಲಿ. ಫುಜಿಕೊ ಎಫ್. ಫುಜಿಯೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಹಿರೋಶಿ ಫುಜಿಮೊಟೊ ಅದನ್ನು ಚಿಕ್ಕಚಿಕ್ಕ ಕಥೆಗಳಾಗಿ ಬರೆದರು. 1979ರ ಏಪ್ರಿಲಿನಿಂದ ಈಗ ನಮಗೆ ಗೊತ್ತಿರುವ ಟೀವಿ ಮಾಲಿಕೆ ಶುರುವಾಯಿತು. 1980ರ ಮಾರ್ಚಿನಲ್ಲಿ ಮೊದಲ ಸಿನೆಮಾ ‘ನೊಬಿತಾನ ಡೈನೋಸಾರ್’ ಬಂತು. ಅಂದಿನಿಂದ ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ನಲವತ್ತಕ್ಕೂ ಹೆಚ್ಚು ಸಿನೆಮಾಗಳು ಬಂದಿವೆ, ಬಹುತೇಕ ಎಲ್ಲವೂ ಮಾರ್ಚಿನಲ್ಲಿ. ಅಲ್ಲಿ ಶಾಲೆಯ ವರ್ಷ ಮುಗಿಯುವುದು ಆಗಲೇ. ಮಕ್ಕಳ ಕೈಯಲ್ಲಿ ರಜೆ, ತಂದೆತಾಯಿಯ ಕೈಯಲ್ಲಿ ಟಿಕೆಟ್ಟಿನ ದುಡ್ಡು.

ಈಗ ಕಥೆ ಕಟ್ಟುವವನ ಜಾಗದಲ್ಲಿ ಕುಳಿತು ನೋಡೋಣ. ಟೀವಿಯಲ್ಲಿ ಅವನಿಗೆ ಸಿಗುವುದು ಹತ್ತು ಹನ್ನೊಂದು ನಿಮಿಷ. ನೊಬಿತಾ ಪರೀಕ್ಷೆಯಲ್ಲಿ ಸೊನ್ನೆ ತರುತ್ತಾನೆ, ಜಿಯಾನ್ ಹೊಡೆಯುತ್ತಾನೆ, ಡೋರೆಮಾನ್ ಜೇಬಿನಿಂದ ಒಂದು ಉಪಕರಣ ತೆಗೆಯುತ್ತಾನೆ, ನೊಬಿತಾ ಅದನ್ನು ಅತಿಯಾಗಿ ಬಳಸಿ ಪೇಚಿಗೆ ಬೀಳುತ್ತಾನೆ. ಮುಗಿಯಿತು. ಸಿನೆಮಾದಲ್ಲಿ ಒಂದೂವರೆ ತಾಸು ಮಕ್ಕಳನ್ನು ಕುರ್ಚಿಯಲ್ಲಿ ಕೂರಿಸಬೇಕು. ಜಿಯಾನ್ ಬರೀ ಹೊಡೆಯುವವನಾಗಿದ್ದರೆ ಅಷ್ಟು ಹೊತ್ತು ಅವನ ಜೊತೆ ಯಾರು ಪಯಣಿಸುತ್ತಾರೆ? ಹಾಗಾಗಿ ಸಿನೆಮಾದ ಜಿಯಾನ್ ಗೆಳೆಯನಿಗಾಗಿ ಜೀವ ಪಣಕ್ಕಿಡುತ್ತಾನೆ. ಜಪಾನಿನಲ್ಲಿ ‘ಸಿನೆಮಾದ ಜಿಯಾನ್’ ಎಂಬುದು ಒಂದು ನಾಣ್ಣುಡಿಯಂತೆಯೇ ಬಳಕೆಯಲ್ಲಿದೆ. ಒರಟನೊಬ್ಬ ಅಪರೂಪಕ್ಕೆ ಒಳ್ಳೆಯತನ ತೋರಿದರೆ ಹಾಗೆನ್ನುತ್ತಾರೆ. ಜೇಬಿನ ಉಪಕರಣಗಳದ್ದೂ ಇದೇ ಕಷ್ಟ. ಎಲ್ಲಿಗೆ ಬೇಕಾದರೂ ಒಯ್ಯುವ ಬಾಗಿಲು ಕೈಯಲ್ಲಿದ್ದರೆ ಸಾಹಸ ಎಲ್ಲಿಂದ ಬರಬೇಕು? ಅದಕ್ಕೆ ಮೊದಲ ಸಿನೆಮಾದಲ್ಲೇ ಕಾಲಯಂತ್ರ ಕೆಡುತ್ತದೆ, ತಲೆಗೆ ಸಿಕ್ಕಿಸಿಕೊಂಡು ಹಾರುವ ಪುಟ್ಟ ಪಂಖಾದ ಬ್ಯಾಟರಿ ಇಳಿಯುತ್ತದೆ. ಟೀವಿಯಲ್ಲಿ ಎಂದೂ ಸೋಲದ ವಸ್ತು ಸಿನೆಮಾದಲ್ಲಿ ಸೋಲಲೇಬೇಕು.

ಕಥೆ ಮುಗಿದ ಮೇಲೆ ಎಲ್ಲವನ್ನೂ ಇದ್ದ ಜಾಗಕ್ಕೆ ತಂದಿಡಬೇಕು. ಹೊಸ ಗೆಳೆಯನನ್ನು ಅವನ ಲೋಕದಲ್ಲೇ ಬಿಟ್ಟು ಬರಬೇಕು. ಕಾರಣ ಬಹಳ ಸರಳ. ಟೀವಿಯವರು ಹಳೆಯ ಕಂತುಗಳನ್ನು ಮತ್ತೆ ಮತ್ತೆ, ಹಿಂದುಮುಂದಾಗಿ ಹಾಕುತ್ತಾರೆ. ಭಾರತದಲ್ಲಿ 2005ರಿಂದ ಡೋರೆಮಾನ್ ನೋಡಿದವರಿಗೆ ಇದು ಗೊತ್ತು. ಬೆಳಿಗ್ಗೆ ಕಂಡದ್ದೇ ಸಂಜೆಯೂ ಬರುತ್ತದೆ. ಸಿನೆಮಾದಲ್ಲಿ ನೊಬಿತಾ ಧೈರ್ಯಶಾಲಿಯಾಗಿ ಬದಲಾಗಿ ಹಾಗೆಯೇ ಉಳಿದುಬಿಟ್ಟರೆ ಅದಕ್ಕೆ ಮುಂಚಿನ ನೂರಾರು ಕಂತುಗಳು ಒಮ್ಮೆಲೇ ಹಳಸಿಹೋಗುತ್ತವೆ. ಮೇಲಾಗಿ ಸಿನೆಮಾ ನೋಡಲಾಗದ ಮಗುವೂ ಸೋಮವಾರ ಟೀವಿ ಮುಂದೆ ಕೂರುತ್ತದೆ. ಟಾಕೀಸಿಗೆ ಹೋದ ಮಗುವಿಗೆ ಮಾತ್ರ ಅರ್ಥವಾಗುವ ಸೋಮವಾರ ಯಾವ ಚಾನೆಲ್ಲಿಗೂ ಬೇಡ. ಶಾಲೆಯ ಚೀಲ, ಊಟದ ಡಬ್ಬಿಗಳ ಮೇಲೆ ಅಚ್ಚಾದ ಮುಖವೂ ಬದಲಾಗಬಾರದು. ವ್ಯಾಪಾರದ ಈ ಮಾತನ್ನು ಮರೆಯುವಂತಿಲ್ಲ.

ಇದೇ ಲೆಕ್ಕ ನಮಗೆ ಹತ್ತಿರದ ಹೈದರಾಬಾದಿನಲ್ಲೂ ನಡೆಯಿತು. 1948ರವರೆಗೆ ಗೋಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು; ದುಡಿಮೆಗೆ, ದವಾಖಾನೆಗೆ ನಮ್ಮ ಕಡೆಯ ಜನ ಇಂದಿಗೂ ಆ ಊರಿನ ದಾರಿ ಹಿಡಿಯುತ್ತಾರೆ. ಆ ಊರಿನಲ್ಲಿ ರಾಜೀವ್ ಚಿಲಕಾ ಕಟ್ಟಿದ ಗ್ರೀನ್ ಗೋಲ್ಡ್ ಸಂಸ್ಥೆ 2008ರಲ್ಲಿ ಪೋಗೊ ಚಾನೆಲ್ಲಿಗೆ ‘ಛೋಟಾ ಭೀಮ್’ ಕೊಟ್ಟಿತು. ಧೋಲಕ್‌ಪುರ ಎಂಬ ಊರು, ರಾಜ ಇಂದ್ರವರ್ಮ, ಲಡ್ಡು ತಿಂದರೆ ಬಲ ಬರುವ ಹುಡುಗ, ಅವನ ಮೇಲೆ ಹೊಟ್ಟೆಕಿಚ್ಚುಪಡುವ ಕಾಲಿಯಾ. ಟೀವಿಯ ಭೀಮನ ತೊಂದರೆಗಳು ಬಹುಪಾಲು ಊರಿನ ಗಡಿಯೊಳಗೇ ಹುಟ್ಟಿ ಅಲ್ಲೇ ಮುಗಿಯುತ್ತವೆ. 2012ರ ಮೇ ತಿಂಗಳಲ್ಲಿ ಚಿತ್ರಮಂದಿರಕ್ಕೆ ಬಂದ ‘ಛೋಟಾ ಭೀಮ್ ಅಂಡ್ ದಿ ಕರ್ಸ್ ಆಫ್ ದಮ್ಯಾನ್’ ಸಿನೆಮಾದಲ್ಲಿ ಭೀಮ ಒಂದು ಸಾವಿರ ವರ್ಷ ಹಿಂದಕ್ಕೆ ಹೋಗುತ್ತಾನೆ. ಮರುವರ್ಷ ಮೇ ತಿಂಗಳಲ್ಲಿ ಬಾಲಿ ದ್ವೀಪಕ್ಕೆ. 2019ರ ಮೇ ತಿಂಗಳಲ್ಲಿ ಕುಂಗ್‌ಫೂ ಸ್ಪರ್ಧೆಗೆ ಚೀನಾಕ್ಕೆ. ಜಪಾನಿಗೆ ಮಾರ್ಚ್ ಇದ್ದಂತೆ ನಮಗೆ ಮೇ! ಇಷ್ಟೆಲ್ಲ ದೇಶ, ಕಾಲ ಸುತ್ತಿ ಬಂದವನು ಟೀವಿಯಲ್ಲಿ ಮಾತ್ರ ಟುನ್‌ಟುನ್ ಮೌಸಿಯ ಲಡ್ಡುವಿಗಾಗಿ ಮೊದಲಿನಂತೆ ಅಂಗಡಿ ಮುಂದೆ ನಿಂತಿರುತ್ತಾನೆ. ಸಿನೆಮಾಗಳ ಪೈಕಿ ನಮಗೆ ಜಾಣತನದ್ದೆನಿಸುವುದು ಮೊದಲನೆಯದು. ಹಿಂದಿನ ಕಾಲಕ್ಕೆ ಹೋಗಿ ಕೇಡನ್ನು ಬೇರಿನಲ್ಲೇ ಕಿತ್ತರೆ, ನಡೆದದ್ದೇ ನಡೆಯದಂತಾಗುತ್ತದೆ. ನೆನಪಿಟ್ಟುಕೊಳ್ಳುವ ಹೊರೆ ಯಾರಿಗೂ ಇಲ್ಲ.

ಇನ್ನೊಂದು ಬಗೆಯ ಬಿರುಕೂ ಉಂಟು. ಅದು ತಾರೀಖಿನದು. ಅಕಿರಾ ತೊರಿಯಾಮಾ (1955–2024) ಅವರ ‘ಡ್ರ್ಯಾಗನ್ ಬಾಲ್’ ವಾರಪತ್ರಿಕೆಯಲ್ಲಿ ವಾರವಾರ ಬರುತ್ತಿತ್ತು, ಅದರ ಬೆನ್ನಿಗೇ ಟೀವಿ ಓಡುತ್ತಿತ್ತು. ಟೀವಿಯ ‘ಡ್ರ್ಯಾಗನ್ ಬಾಲ್ ಝಡ್’ 1989ರಿಂದ 1996ರವರೆಗೆ 291 ಕಂತು ನಡೆಯಿತು. ಆ ಅವಧಿಯಲ್ಲಿ ತೋಯೇ ಸಂಸ್ಥೆ ವಸಂತಕ್ಕೊಂದು, ಬೇಸಿಗೆಗೊಂದರಂತೆ ಹದಿಮೂರು ಸಿನೆಮಾ ತೆಗೆಯಿತು. ಸಿನೆಮಾ ಬರೆಯುವವನು ತಿಂಗಳುಗಟ್ಟಲೆ ಮೊದಲೇ ಬರೆದು ಕೊಡಬೇಕು. ಆ ದಿನ ಬಂದಾಗ ಪತ್ರಿಕೆಯ ಕಥೆ ಎಲ್ಲಿರುತ್ತದೆಂದು ಅವನಿಗೆ ಹೇಗೆ ತಿಳಿಯಬೇಕು? ಹಾಗಾಗಿ 1991ರ ಜುಲೈಯಲ್ಲಿ ಒಂದು ವಿಚಿತ್ರ ನಡೆಯಿತು. ಟೀವಿಯ ಗೋಕು ದೂರದ ನಾಮೆಕ್ ಗ್ರಹದಲ್ಲಿ ಫ್ರೀಝಾನೊಂದಿಗೆ ಇನ್ನೂ ಹೊಡೆದಾಡುತ್ತಿದ್ದ. ಚಿತ್ರಮಂದಿರದ ಗೋಕು ಭೂಮಿಯ ಮೇಲೆ ಮಗ, ಗೆಳೆಯರ ಜೊತೆ ಕಾಡಿಗೆ ವಿಹಾರ ಹೋಗಿದ್ದ, ಅಲ್ಲಿ ಅದೇ ಫ್ರೀಝಾನ ಅಣ್ಣ ಸೇಡು ತೀರಿಸಿಕೊಳ್ಳಲು ಬಂದಿದ್ದ! ಎರಡನ್ನೂ ಒಂದೇ ಗೆರೆಯಲ್ಲಿ ಕೂರಿಸಲು ಅಭಿಮಾನಿಗಳು ಇಂದಿಗೂ ಕಾಗದದ ಮೇಲೆ ಲೆಕ್ಕ ಮಾಡುತ್ತಾರೆ. ತೊರಿಯಾಮಾ ಮಾತ್ರ ಆ ಸಿನೆಮಾಗಳನ್ನು ತಮ್ಮ ಮೂಲ ಕಥೆಗಿಂತ ಬೇರೆ ಲೋಕದವೆಂದು ಭಾವಿಸಿದ್ದರು.

ಇದನ್ನೆಲ್ಲ ಓದಿ ‘ಎಂಥಾ ಕಾಲ ಬಂತು’ ಎನ್ನುವ ಹಿರಿಯರು ಬಯಲಾಟವನ್ನು ನೆನೆಯಬೇಕು. ಮೊನ್ನೆ ರಾತ್ರಿ ಚಕ್ರವ್ಯೂಹದಲ್ಲಿ ಸತ್ತ ಅಭಿಮನ್ಯು ಇಂದು ರಾತ್ರಿ ಬಲರಾಮನ ಮಗಳನ್ನು ಮದುವೆಯಾಗುತ್ತಾನೆ. ನೋಡುವವರಲ್ಲಿ ಯಾರೂ ಎದ್ದು ನಿಂತು ‘ಇವನು ಸತ್ತಿದ್ದನಲ್ಲ’ ಎನ್ನುವುದಿಲ್ಲ. ಒಂದು ರಾತ್ರಿಯ ಆಟ ಆ ರಾತ್ರಿಗೇ ಪೂರ್ಣ.

ಉರ್ದುವಿನಲ್ಲಿ ಇದರ ದೊಡ್ಡ ಉದಾಹರಣೆ ದಾಸ್ತಾನೆ ಅಮೀರ್ ಹಂಝಾ. ಅದರ ಚಿಕ್ಕ ರೂಪ 1801ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗಾಗಿ ಖಲೀಲ್ ಅಲಿ ಖಾನ್ ಅಶ್ಕ್ ಬರೆದದ್ದು; 1855ರಲ್ಲಿ ಗಾಲಿಬ್ ಲಖ್ನವಿ ಒಂದೇ ಸಂಪುಟದಲ್ಲಿ ಇನ್ನೊಂದನ್ನು ಬರೆದರು. ಆಮೇಲೆ ಲಕ್ನೋದ ನವಲ್ ಕಿಶೋರ್ ಮುದ್ರಣಾಲಯ ಅದೇ ಕಥೆಯನ್ನು 46 ದಪ್ಪ ಸಂಪುಟಗಳಿಗೆ ಹಿಗ್ಗಿಸಿತು. ಅವುಗಳಲ್ಲೇ ಹೆಸರಾದ ‘ತಿಲಿಸ್ಮೆ ಹೋಶ್‌ರುಬಾ’ದ ಮೊದಲ ನಾಲ್ಕು ಸಂಪುಟ ಮುಹಮ್ಮದ್ ಹುಸೇನ್ ಜಾಹ್ ಅವರದು, ಉಳಿದ ಮೂರು ಅಹ್ಮದ್ ಹುಸೇನ್ ಕಮರ್ ಅವರದು. ಬರೆದ ಕೈಗಳು ಬೇರೆ, ಅಚ್ಚಾದ ವರ್ಷಗಳು ಬೇರೆ; ಒಂದು ಸಂಪುಟದ ಮಾತು ಇನ್ನೊಂದಕ್ಕೆ ಹೊಂದದಿರುವುದು ಹಲವು ಕಡೆ ಇದೆ. ಇಲ್ಲಿ ತಿರುಗುಮುರುಗಿನ ಒಂದು ಸ್ವಾರಸ್ಯವಿದೆ. ಕಾರ್ಟೂನಿನಲ್ಲಿ ದಾರಿ ಬಿಟ್ಟು ಹೋಗುವುದು ಸಿನೆಮಾ. ದಾಸ್ತಾನಿನಲ್ಲಿ ದಾರಿ ಬಿಟ್ಟದ್ದು ಧಾರಾವಾಹಿ. ಒಂದು ಸಂಪುಟದ ಕಥೆ ಬೇಗ ಬೇಗ ನಡೆದು ಉಹುದ್ ಯುದ್ಧದ ಹುತಾತ್ಮತೆಗೆ ತಲುಪುತ್ತದೆ. ಉದ್ದನೆಯ ಕಥೆಗೆ ತಲುಪುವ ಅವಸರವೇ ಇಲ್ಲ, ಮಾಂತ್ರಿಕರ ಮೇಲೆ ಮಾಂತ್ರಿಕರು. ಕೇಳುವವರಿಗೆ ಹಝ್ರತ್ ಹಂಝಾರ ನಿಜ ಜೀವನ ಯಾವುದು, ದಾಸ್ತಾನ್ ಯಾವುದು ಎಂಬ ಅರಿವಿತ್ತು. ರಿವಾಯತ್ ಹೇಳುವವನನ್ನು ‘ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು’ ಎಂದು ಸನದು ಕೇಳುತ್ತಿದ್ದರು. ದಾಸ್ತಾನ್ ಹೇಳುವವನಿಗೆ ಚಹಾ ಕೇಳುತ್ತಿದ್ದರು.

ಈ ಅರಿವು ತಪ್ಪಿದರೆ ಏನಾಗುತ್ತದೆಂಬುದಕ್ಕೆ ಗೋಗಿಯಿಂದ ದೂರ ಹೋಗಬೇಕಿಲ್ಲ. ಹೊರಗಿನವರು ಈಚೆಗೆ ನಮ್ಮೂರನ್ನು ಯುರೇನಿಯಂ ಅದಿರಿನಿಂದ ಗುರುತಿಸುತ್ತಾರಾದರೂ ಚರಿತ್ರೆ ಓದಿದವರಿಗೆ ಇದು ಆದಿಲ್‌ಶಾಹಿಗಳ ಮೊದಲ ಅರಸರ ಸಮಾಧಿ ಸ್ಥಳ. ಹಝ್ರತ್ ಚಂದಾ ಹುಸೇನಿಯವರ ದರ್ಗಾದ ಬಳಿ ಯೂಸುಫ್ ಆದಿಲ್ ಶಾಹ, ಅವನ ಮಗ ಇಸ್ಮಾಯಿಲ್, ಮೊಮ್ಮಗ ಒಂದನೇ ಇಬ್ರಾಹಿಂ ಮಲಗಿದ್ದಾರೆ. ಅವರ ನಂತರದವರ ಗೋರಿಗಳು ಬಿಜಾಪುರದಲ್ಲಿವೆ. 1510ರಲ್ಲಿ ತೀರಿಕೊಂಡ ಈ ಯೂಸುಫ್ ಯಾರ ಮಗ?

ಫಿರಿಶ್ತಾ ಹೇಳುವಂತೆ ಅವನು ಉಸ್ಮಾನಿ ಸುಲ್ತಾನ ಎರಡನೇ ಮುರಾದನ ಮಗ. ತಂದೆ ಸತ್ತಾಗ ಗಾದಿಗೆ ಬಂದ ಅಣ್ಣನ ಕಡೆಯವರು ಮಗುವನ್ನು ಕೊಲ್ಲಲು ಬಂದರು. ತಾಯಿ ಒಬ್ಬ ಗುಲಾಮ ಬಾಲಕನನ್ನು ಆ ಜಾಗದಲ್ಲಿಟ್ಟು ತನ್ನ ಮಗನನ್ನು ವ್ಯಾಪಾರಿಯೊಬ್ಬನ ಕೈಗೆ ಕೊಟ್ಟಳು. ಹುಡುಗ ಇರಾನಿನ ಸಾವಾದಲ್ಲಿ ಬೆಳೆದು ದಖ್ಖನಿಗೆ ಬಂದ. ಚೆಂದದ ಕಥೆ, ಒಂದೂವರೆ ತಾಸಿನ ಸಿನೆಮಾಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಅದೇ ಕಾಲದಲ್ಲಿ, ಅದೇ ಬಿಜಾಪುರದಲ್ಲಿ ಬರೆದ ರಫೀಉದ್ದೀನ್ ಶೀರಾಝಿ ಯೂಸುಫನನ್ನು ಸಾವಾದ ತುರ್ಕ್‌ಮಾನ್ ಮನೆತನದವನೆಂದು ಹೇಳುತ್ತಾನೆ. ಕೊಲೆ ಇಲ್ಲ, ಬದಲಿ ಮಗು ಇಲ್ಲ. ಇಬ್ಬರ ಮಾತಿನಲ್ಲೂ ಸಾವಾ ಮಾತ್ರ ಸಮಾನ. ಪೋರ್ಚುಗೀಸರು ಗೋವೆಯ ಒಡೆಯನನ್ನು ಕರೆದ ‘ಸಬಾಯೊ’ ಎಂಬ ಹೆಸರಲ್ಲೂ ಆ ಊರಿನ ಗುರುತಿದೆ ಎನ್ನುತ್ತಾರೆ. ಫಿರಿಶ್ತಾ ಬರೆದದ್ದು ಯೂಸುಫ್ ಸತ್ತು ಹೆಚ್ಚುಕಡಿಮೆ ನೂರು ವರ್ಷವಾದ ಮೇಲೆ, ಎರಡನೇ ಇಬ್ರಾಹಿಮನ ಆಸ್ಥಾನದಲ್ಲಿ. ಒಡೆಯನ ಮುತ್ತಜ್ಜನ ತಂದೆ ಉಸ್ಮಾನಿ ರಾಜಕುಮಾರನಾದರೆ ಯಾರಿಗೆ ಬೇಡ? ಇಂದಿನ ಚರಿತ್ರೆಕಾರರು ಉಸ್ಮಾನಿ ಕಥೆಯನ್ನು ಒಪ್ಪುವುದಿಲ್ಲ, ನಮಗೂ ಅದು ದರಬಾರಿಗಾಗಿ ತೆಗೆದ ಚಿತ್ರವೆಂದೇ ಕಾಣುತ್ತದೆ. ಆದರೂ ಅಭಿಮಾನಿಗಳು ಅದನ್ನು ವಂಶದ ಹೆಮ್ಮೆಯಾಗಿ ಹೇಳುತ್ತಾರೆ, ವಿರೋಧಿಗಳು ಪರದೇಶಿಯೆಂಬುದಕ್ಕೆ ಸಾಕ್ಷಿಯಾಗಿ ಹೇಳುತ್ತಾರೆ. ಸನದು ಕೇಳಬೇಕಾದಲ್ಲಿ ಇಬ್ಬರೂ ಕೇಳುವುದಿಲ್ಲ. ನೊಬಿತಾನ ಡೈನೋಸಾರ್ ಎಲ್ಲಿ ಹೋಯಿತೆಂದು ಕೇಳುವ ಮಗು ಇವರಿಗಿಂತ ವಾಸಿ.

ಮಕ್ಕಳ ಕಡೆಗೇ ಮರಳೋಣ, ಏಕೆಂದರೆ ಅಲ್ಲಿ ಈಗ ಗಾಳಿ ಬದಲಾಗಿದೆ. ಟೀವಿಯ ಕಾಲದಲ್ಲಿ ತಪ್ಪಿದ ಕಂತು ತಪ್ಪಿಯೇ ಹೋಗುತ್ತಿತ್ತು. ಕರೆಂಟು ಹೋದರೆ ಕಥೆಯೂ ಹೋಯಿತು. ಅಂಥ ನೋಡುಗನಿಗೆ ಹಿಂದಿನದನ್ನು ನೆನಪಿಡು ಎನ್ನುವುದು ಅನ್ಯಾಯವಾಗುತ್ತಿತ್ತು. ಮೊಬೈಲು ಬಂದ ಮೇಲೆ ಹುಡುಗರು ಮೊದಲ ಕಂತಿನಿಂದ ಕೊನೆಯವರೆಗೆ ಸಾಲಾಗಿ ನೋಡುತ್ತಾರೆ, ಹೊಂದದ ಜಾಗದಲ್ಲಿ ನಿಲ್ಲಿಸಿ ಬೆರಳಿಟ್ಟು ತೋರಿಸುತ್ತಾರೆ. ತಯಾರಕರಿಗೂ ಇದು ತಿಳಿದಿದೆ. 2020ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ಡೀಮನ್ ಸ್ಲೇಯರ್’ನ ರೈಲಿನ ಕಥೆ ಟೀವಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರುವಾಯಿತು. ಮುಂದಿನ ಟೀವಿ ಕಥೆಗೆ ಅದನ್ನು ನೋಡಿರಲೇಬೇಕು. ಆ ದೇಶದಲ್ಲಿ ಅದಕ್ಕಿಂತ ಹೆಚ್ಚು ಗಳಿಸಿದ ಚಿತ್ರ ಅದುವರೆಗೆ ಬಂದಿರಲಿಲ್ಲ. ಮರುವರ್ಷ ಅದನ್ನೇ ಕಂತುಗಳಾಗಿ ಕತ್ತರಿಸಿ ಟೀವಿಯಲ್ಲೂ ಹಾಕಿದರು, ನೋಡದವರಿಗೆ ಮೋಸವಾಗದಿರಲೆಂದು.

ಡೋರೆಮಾನ್ ಮಾತ್ರ ಹಳೆಯ ದಾರಿ ಬಿಟ್ಟಿಲ್ಲ. 2005ರಲ್ಲಿ ದನಿ ಕೊಡುವವರೆಲ್ಲ ಬದಲಾದರು. 2006ರಲ್ಲಿ ಮೊದಲ ಸಿನೆಮಾವನ್ನೇ ಮತ್ತೆ ತೆಗೆದರು. ನೊಬಿತಾ ಅದೇ ಮೊಟ್ಟೆಯನ್ನು ಮೊದಲ ಬಾರಿಗೆಂಬಂತೆ ಅಗೆದು ತೆಗೆದ. ಹೈದರಾಬಾದಿನ ಭೀಮನೂ ಅಷ್ಟೆ. 2019ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಅವನು ಮಾತು ಬಾರದ ಅಂಬೆಗಾಲ ಕೂಸಾದ. 2024ರ ಮೇ 31ರಂದು ದಮ್ಯಾನಿನ ಅದೇ ಕಥೆ ನಿಜವಾದ ನಟರೊಂದಿಗೆ, ಅನುಪಮ್ ಖೇರ್ ಅವರನ್ನೂ ಸೇರಿಸಿಕೊಂಡು, ಹಿಂದೆ ಎಂದೂ ನಡೆದಿಲ್ಲವೆಂಬಂತೆ ಮತ್ತೆ ಬಂತು. ಮೊದಲ ದಮ್ಯಾನನ್ನು ಎಂಟನೆಯ ವಯಸ್ಸಿನಲ್ಲಿ ನೋಡಿದ ಹುಡುಗನಿಗೆ ಅಷ್ಟರಲ್ಲಿ ಇಪ್ಪತ್ತಾಗಿತ್ತು. ಭೀಮನಿಗೆ ಇನ್ನೂ ಒಂಬತ್ತು.