ಎಷ್ಟು ಹತ್ತಿರ ಬಂದರೆ ‘ಅತಿ ಹತ್ತಿರ’? ಮದ್ರಾಸಿನಲ್ಲಿ ಹುಟ್ಟಿದ ಒಂದು ನಕ್ಷೆಯ ಕಥೆ

ಇವತ್ತು ನಾನು ಹೇಳೋದು ಒಂದು ಜಗಳದ ಕಥೆ. 1955ರಲ್ಲಿ ಮದ್ರಾಸಿಗೂ ಕೇಂಬ್ರಿಡ್ಜಿಗೂ ನಡುವೆ ನಡೆದ ಜಗಳ. ಜಗಳದ ವಿಷಯ ಏನು ಗೊತ್ತಾ? ಎರಡು ಪರಮಾಣುಗಳು ಒಂದಕ್ಕೊಂದು ಎಷ್ಟು ಹತ್ತಿರ ಬರಬಹುದು ಅನ್ನೋದು. ಅಷ್ಟೇ.

‘ಅಷ್ಟಕ್ಕೆ ಜಗಳಾನಾ?’ ಅನ್ಸಬಹುದು. 2024ರ ರಸಾಯನಶಾಸ್ತ್ರದ ನೊಬೆಲ್ ನೆನಪಿದೆಯಾ? ಡೇವಿಡ್ ಬೇಕರ್, ಡೆಮಿಸ್ ಹಸ್ಸಾಬಿಸ್, ಜಾನ್ ಜಂಪರ್. ಇವರಲ್ಲಿ ಹಸ್ಸಾಬಿಸ್ ಮತ್ತು ಜಂಪರ್ ಅವರಿಗೆ ಬಹುಮಾನ ಬಂದದ್ದು ಆಲ್ಫಾಫೋಲ್ಡ್ ಅನ್ನೋ ಎಐಗಾಗಿ. ಆ ಎಐ ಉತ್ತರಿಸಿದ ಪ್ರಶ್ನೆಯ ಹಿಂದೆ ಇದೇ ಅಂತರದ ಲೆಕ್ಕ ಇದೆ.

ಮೊದಲು ಪ್ರೋಟೀನ್ ಅಂದ್ರೆ ಏನು ನೋಡೋಣ. ಒಂದು ಮೊಳ ಮಲ್ಲಿಗೆ ದಂಡೆ ಕಲ್ಪಿಸಿಕೊಳ್ಳಿ. ಒಂದೊಂದು ಹೂವೂ ಒಂದೊಂದು ಅಮೈನೊ ಆಮ್ಲ. ದಾರದಲ್ಲಿ ಹತ್ತನೇ ಹೂವಿಗೂ ತೊಂಬತ್ತನೇ ಹೂವಿಗೂ ಬಹಳ ದೂರ. ಆದರೆ ಹೂವಮ್ಮ ಅದನ್ನ ಸುತ್ತಿ ಬಾಳೆಲೆ ಪೊಟ್ಟಣದಲ್ಲಿ ಇಟ್ಟುಕೊಟ್ಟಾಗ, ಹತ್ತನೆಯದು ತೊಂಬತ್ತನೆಯದಕ್ಕೆ ಒತ್ತಿಕೊಂಡು ಕೂತಿರಬಹುದು. ದಾರದಲ್ಲಿ ದೂರ, ಪೊಟ್ಟಣದಲ್ಲಿ ಅಕ್ಕಪಕ್ಕ. ಪ್ರೋಟೀನ್ ಕೂಡ ಹೀಗೇ ಮಡಚಿಕೊಳ್ಳುತ್ತೆ. ಹೀಗೆ ಯಾರು ಯಾರಿಗೆ ತಾಗಿಕೊಂಡಿದ್ದಾರೆ ಅನ್ನೋದನ್ನೇ ‘ಸಂಪರ್ಕ’ ಅನ್ನೋದು. ಒಂದು ವ್ಯತ್ಯಾಸ ಇದೆ. ಹೂವಿನ ಪೊಟ್ಟಣ ಪ್ರತಿ ಸಲ ಬೇರೆ ಥರ ಸುತ್ತಿಕೊಳ್ಳುತ್ತೆ. ಬಹುತೇಕ ಪ್ರೋಟೀನ್‌ಗಳು ಪ್ರತಿ ಸಲವೂ ಒಂದೇ ಆಕಾರಕ್ಕೆ ಬರುತ್ತವೆ.

ಈಗ ಮದ್ರಾಸಿಗೆ ಹೋಗೋಣ. ಜಿ.ಎನ್. ರಾಮಚಂದ್ರನ್, ಹುಟ್ಟಿದ್ದು 1922ರಲ್ಲಿ, ಎರ್ನಾಕುಲಂನಲ್ಲಿ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದ್ರೆ ಇವತ್ತಿನ ಐಐಎಸ್‌ಸಿಗೆ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದು ಸಿ.ವಿ. ರಾಮನ್ ಅವರ ಸೆಳೆತಕ್ಕೆ ಸಿಕ್ಕಿ ಭೌತಶಾಸ್ತ್ರಕ್ಕೆ ಬದಲಾದವರು. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದಾಗ ಅವರ ವಯಸ್ಸು 30. ಅಲ್ಲಿ ಗೋಪಿನಾಥ್ ಕರ್ತಾ ಜೊತೆ ಕೈಗೆತ್ತಿಕೊಂಡದ್ದು ಕೊಲಾಜನ್. ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನ ಗಟ್ಟಿಯಾಗಿ ಹಿಡಿದಿಟ್ಟಿರೋ ಪ್ರೋಟೀನ್ ಅದು.

ಕೊಲಾಜನ್‌ನಲ್ಲಿ ಒಂದು ವಿಚಿತ್ರ ಇತ್ತು. ಅದರ ಅಮೈನೊ ಆಮ್ಲಗಳಲ್ಲಿ ಮೂರರಲ್ಲಿ ಒಂದು ಗ್ಲೈಸಿನ್. ಎಲ್ಲಕ್ಕಿಂತ ಚಿಕ್ಕದು ಇದು. ಯಾಕೆ ಇಷ್ಟೊಂದು? ರಾಮಚಂದ್ರನ್ ಮತ್ತು ಕರ್ತಾ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಉತ್ತರ ಕೊಟ್ಟರು: ಕೊಲಾಜನ್ ಮೂರು ಎಳೆಗಳ ರಚನೆ. ಮಾರನೇ ವರ್ಷ ಅದನ್ನ ತಿದ್ದಿ, ಆ ಮೂರೂ ಎಳೆಗಳು ಜಡೆಯ ಹಾಗೆ ಒಂದನ್ನೊಂದು ಸುತ್ತಿಕೊಂಡಿವೆ ಅಂದರು. ಜಡೆಯ ಒಳಮೈಯಲ್ಲಿ ಜಾಗ ಎಷ್ಟು ಇಕ್ಕಟ್ಟು ಅಂದ್ರೆ, ಅಲ್ಲಿ ಗ್ಲೈಸಿನ್ ಬಿಟ್ಟು ಬೇರೆ ಯಾವುದೂ ಹಿಡಿಸಲ್ಲ. ಅದಕ್ಕೇ ಪ್ರತಿ ಮೂರನೇ ಸ್ಥಾನ ಅದಕ್ಕೆ ಮೀಸಲು.

ಇದು ಬರೀ ಕಾಗದದ ಮೇಲಿನ ವಿಚಾರ ಅಲ್ಲ. ಆ ಗ್ಲೈಸಿನ್ ಜಾಗದಲ್ಲಿ ಸ್ವಲ್ಪ ದೊಡ್ಡ ಅಮೈನೊ ಆಮ್ಲ ಬಂದು ಕೂತರೆ ಜಡೆ ಸರಿಯಾಗಿ ಹೆಣೆದುಕೊಳ್ಳಲ್ಲ. ಕೆಲವು ಮಕ್ಕಳು ಸಣ್ಣ ಪೆಟ್ಟಿಗೂ ಮೂಳೆ ಮುರಿಯೋ ಕಾಯಿಲೆಯೊಂದಿಗೆ ಹುಟ್ಟುತ್ತಾರಲ್ಲ, ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ, ಅದಕ್ಕೆ ಒಂದು ಮುಖ್ಯ ಕಾರಣ ಇದೇ. ಕೆಲವೇ ಪರಮಾಣುಗಳಿಗೆ ಜಾಗ ಸಾಲದೇ ಹೋದದ್ದು.

ಜಗಳ ಶುರುವಾದದ್ದು ಇಲ್ಲಿಂದ. 1955ರ ಕೊನೆಗೆ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ (ಡಿಎನ್‌ಎ ಖ್ಯಾತಿಯ ಅದೇ ಕ್ರಿಕ್) ‘ನೇಚರ್’ನಲ್ಲೇ ತಮ್ಮ ಮಾದರಿ ಪ್ರಕಟಿಸಿದರು. ಮೂರೆಳೆ ಜಡೆ ಅನ್ನೋ ಮೂಲ ವಿಚಾರ ಅದೇ. ಆದರೆ ಮದ್ರಾಸಿನ ಮಾದರಿಯ ಮೇಲೆ ಅವರ ಆಕ್ಷೇಪ ಇತ್ತು: ನಿಮ್ಮ ರಚನೆಯಲ್ಲಿ ಕೆಲವು ಪರಮಾಣುಗಳು ಅತಿ ಹತ್ತಿರ ಬಂದಿವೆ, ಅಷ್ಟು ಹತ್ತಿರ ಬರೋಕೆ ಆಗಲ್ಲ. ಪ್ರತಿ ಮೂರು ಅಮೈನೊ ಆಮ್ಲಕ್ಕೆ ನೀವು ಎರಡು ಹೈಡ್ರೋಜನ್ ಬಂಧ ಹೇಳ್ತೀರಿ, ಇರಬೇಕಾದ್ದು ಒಂದೇ.

ಇಲ್ಲಿ ರಾಮಚಂದ್ರನ್ ಏನು ಮಾಡಿದರು ಅನ್ನೋದೇ ನನಗೆ ಈ ಕಥೆಯ ತಿರುಳು. ಅವರು ಒಂದು ಸರಳ ಪ್ರಶ್ನೆ ಹಿಡಿದುಕೊಂಡರು. ‘ಅತಿ ಹತ್ತಿರ’ ಅಂದ್ರೆ ಎಷ್ಟು? ಆ ಗೆರೆ ಎಲ್ಲಿದೆ?

ಅದಕ್ಕೆ ವಿ. ಶಶಿಶೇಖರನ್ ಜೊತೆ ಸೇರಿ, ಅಲ್ಲಿವರೆಗೆ ಪ್ರಕಟವಾಗಿದ್ದ ಚಿಕ್ಕ ಅಣುಗಳ ಹರಳು ರಚನೆಗಳನ್ನ ಜಾಲಾಡಿದರು. ಪ್ರಕೃತಿಯಲ್ಲಿ ನಿಜವಾಗಿ ಎಷ್ಟು ಹತ್ತಿರ ಬಂದಿವೆ ಅಂತ ಜೋಡಿ ಜೋಡಿಗೂ ಪಟ್ಟಿ ಮಾಡಿದರು. ಎರಡು ಕಾರ್ಬನ್‌ಗಳ ನಡುವೆ ಸಾಮಾನ್ಯವಾಗಿ 3.2 ಆಂಗ್‌ಸ್ಟ್ರಾಂ, ತೀರಾ ಅಂದ್ರೆ 3.0. ಎರಡು ಹೈಡ್ರೋಜನ್‌ಗಳ ನಡುವೆ 2.0, ತೀರಾ ಅಂದ್ರೆ 1.9. (ಒಂದು ಆಂಗ್‌ಸ್ಟ್ರಾಂ ಅಂದ್ರೆ ಒಂದು ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲು.)

ಆಮೇಲೆ ಸಿ. ರಾಮಕೃಷ್ಣನ್ ಜೊತೆಗೂಡಿ ಮುಂದಿನ ಹೆಜ್ಜೆ. ಪ್ರೋಟೀನ್ ಸರಪಳಿಯಲ್ಲಿ ಪ್ರತಿ ಅಮೈನೊ ಆಮ್ಲದ ಹತ್ತಿರ ಮುಖ್ಯವಾಗಿ ಎರಡು ಕಡೆ ತಿರುವು ಸಾಧ್ಯ. ಆ ಎರಡು ಕೋನಗಳ ಹೆಸರು ಫೈ ಮತ್ತು ಸೈ. ನಮ್ಮ ಮೊಣಕೈ ಮುಂದಕ್ಕೆ ಬಗ್ಗುತ್ತೆ, ಹಿಂದಕ್ಕೆ ಬಗ್ಗಲ್ಲ ಅಲ್ವಾ? ಹಾಗೇ ಈ ಕೋನಗಳಲ್ಲಿ ಯಾವ ಜೋಡಿ ಸಾಧ್ಯ, ಯಾವುದು ಅಸಾಧ್ಯ? ಹತ್ತು ಹತ್ತು ಡಿಗ್ರಿ ತಿರುಗಿಸಿದರೂ 36 ಗುಣಿಸು 36, ಒಟ್ಟು 1,296 ಭಂಗಿಗಳು. ಒಂದೊಂದರಲ್ಲೂ ಎಲ್ಲ ಪರಮಾಣುಗಳ ಅಂತರ ಲೆಕ್ಕ ಹಾಕಬೇಕು. ಕೈಯಲ್ಲಿ ಲ್ಯಾಪ್‌ಟಾಪ್ ಇಲ್ಲ, ಮೇಜಿನ ಮೇಲಿನ ಲೆಕ್ಕದ ಯಂತ್ರ ಮಾತ್ರ. ಯಾವ ಭಂಗಿಯಲ್ಲಿ ಪರಮಾಣುಗಳು ಗೆರೆ ದಾಟಿ ಹತ್ತಿರ ಬರುತ್ತವೋ ಅದಕ್ಕೆ ಕಾಟು ಹೊಡೆಯೋದು.

ಕೊನೆಗೆ ನೋಡಿದರೆ ಚೌಕದ ಮುಕ್ಕಾಲು ಪಾಲಿಗೂ ಹೆಚ್ಚು ಜಾಗ ನಿಷಿದ್ಧ! ಉಳಿದದ್ದು ಕೆಲವೇ ದ್ವೀಪಗಳು. 1963ರಲ್ಲಿ ಪ್ರಕಟವಾದ ಈ ನಕ್ಷೆಯೇ ‘ರಾಮಚಂದ್ರನ್ ಪ್ಲಾಟ್’. ಆಗ ಜಗತ್ತಿನಲ್ಲಿ ಪರಮಾಣು ಮಟ್ಟದ ವಿವರದಲ್ಲಿ ಕಂಡಿದ್ದ ಪ್ರೋಟೀನ್ ಅಂದ್ರೆ ಮಯೋಗ್ಲೋಬಿನ್. ಆಮೇಲೆ ಒಂದೊಂದಾಗಿ ಪ್ರೋಟೀನ್ ರಚನೆಗಳು ಹೊರಬಂದ ಹಾಗೆ, ಬಹುಪಾಲು ಕೋನಗಳು ಆ ದ್ವೀಪಗಳ ಮೇಲೇ ಬಂದು ಬಿದ್ದವು.

ಹಾಗಾದ್ರೆ ಜಗಳದಲ್ಲಿ ಗೆದ್ದವರು ಯಾರು? ‘ನಮ್ಮವರಿಗೆ ಅನ್ಯಾಯ ಆಯ್ತು, ವಿದೇಶಿಯರು ಕದ್ದರು’ ಅಂತ ಒಂದೇ ಸಾಲಲ್ಲಿ ಮುಗಿಸೋರು ಇದ್ದಾರೆ. ನಾನು ಒಪ್ಪಲ್ಲ. 1994ರಲ್ಲಿ ಕೊಲಾಜನ್‌ನಂಥ ಒಂದು ಪೆಪ್ಟೈಡ್‌ನ ಹರಳು ರಚನೆ ಸಿಕ್ಕಿತು. ನೇರ ಹೈಡ್ರೋಜನ್ ಬಂಧ ಮೂರಕ್ಕೆ ಒಂದೇ ಇತ್ತು. ಆ ವಿಷಯದಲ್ಲಿ ರಿಚ್ ಮತ್ತು ಕ್ರಿಕ್ ಸರಿ. ಆದರೆ ಮೂರೆಳೆ ಜಡೆ, ಒಳಗೆ ಗ್ಲೈಸಿನ್, ಅದನ್ನ ಮೊದಲು ಕಂಡದ್ದು ಮದ್ರಾಸು. ಎರಡನೇ ಬಂಧ ನೀರಿನ ಅಣುವಿನ ಮೂಲಕ ಇರಬಹುದು ಅಂತ ರಾಮಚಂದ್ರನ್ 1968ರಲ್ಲಿ ಹೇಳಿದ್ದರು. 1994ರ ರಚನೆಯಲ್ಲಿ ಎಳೆಗಳನ್ನ ಬೆಸೆಯೋ ನೀರಿನ ಸೇತುವೆಗಳೂ ಕಂಡವು. ನೊಬೆಲ್ ಅವರಿಗೆ ಬರಲಿಲ್ಲ, ನಿಜ. ಆದರೆ ಆಕ್ಷೇಪಕ್ಕೆ ಸಿಟ್ಟಿನಿಂದ ಉತ್ತರಿಸಿದ್ದರೆ ಒಂದು ಪತ್ರ ಸಿಗ್ತಿತ್ತು. ಅಳತೆಯಿಂದ ಉತ್ತರಿಸಿದ್ದಕ್ಕೆ ಇಡೀ ವಿಜ್ಞಾನಕ್ಕೇ ಒಂದು ಅಳತೆಗೋಲು ಸಿಕ್ಕಿತು.

ಆಮೇಲೆ ಪ್ರಶ್ನೆ ತಿರುವು ಪಡೆಯಿತು. ಯಾರು ಹತ್ತಿರ ಬರಬಾರದು ಅನ್ನೋದರಿಂದ, ಯಾರು ಯಾರ ಹತ್ತಿರ ಇದ್ದಾರೆ ಅನ್ನೋದಕ್ಕೆ. 1970ರ ದಶಕದ ಆರಂಭದಲ್ಲಿ ಸಂಪರ್ಕ ನಕ್ಷೆಗಳು ಬಂದವು. ಚೌಕುಳಿ ಹಾಳೆಯ ಎರಡೂ ಬದಿಗೆ ಅಮೈನೊ ಆಮ್ಲಗಳನ್ನ ಸಾಲಾಗಿ ಬರೆದು, ತಾಗೋ ಜೋಡಿಗೆ ಚುಕ್ಕೆ ಇಡೋದು. ಇವತ್ತು ಸಾಮಾನ್ಯವಾಗಿ 8 ಆಂಗ್‌ಸ್ಟ್ರಾಂ ಒಳಗಿದ್ದರೆ ಸಂಪರ್ಕ ಅಂತ ಲೆಕ್ಕ. ಸುರುಳಿ ಇದ್ದ ಕಡೆ ಕರ್ಣಕ್ಕೆ ಅಂಟಿಕೊಂಡ ದಪ್ಪ ಪಟ್ಟಿ ಕಾಣುತ್ತೆ. ಎಳೆಗಳು ಎದುರುಬದುರಾಗಿ ಮಲಗಿದ್ದರೆ ಕರ್ಣಕ್ಕೆ ಅಡ್ಡಗೆರೆ.

ಹಾಗಾದ್ರೆ ರಚನೆ ಗೊತ್ತಿಲ್ಲದೇನೇ ಚುಕ್ಕೆ ಇಡೋಕೆ ಆಗುತ್ತಾ? ಒಂದೇ ಪ್ರೋಟೀನನ್ನ ಮನುಷ್ಯ, ಹಸು, ಮೀನುಗಳಿಂದ ತೆಗೆದು ಸಾಲಾಗಿ ಬರೆಯಿರಿ. ಬಸ್ಸಿನ ಸೀಟಲ್ಲಿ ಒಬ್ಬರು ಹರಡಿಕೊಂಡು ಕೂತರೆ ಪಕ್ಕದವರು ಮುದುಡಿಕೊಳ್ಳಬೇಕು. ಹಾಗೇ ಒಂದು ಸ್ಥಾನದಲ್ಲಿ ದೊಡ್ಡ ಅಮೈನೊ ಆಮ್ಲ ಬಂದಾಗಲೆಲ್ಲ ಇನ್ನೊಂದು ಸ್ಥಾನದಲ್ಲಿ ಚಿಕ್ಕದು ಬಂದಿದ್ದರೆ, ಅವೆರಡೂ ಅಕ್ಕಪಕ್ಕ ಇರಬಹುದು. 1994ರ ಹೊತ್ತಿಗೇ ಈ ಪ್ರಯತ್ನ ಶುರುವಾಗಿತ್ತು. ತೊಡಕು ಏನಪ್ಪಾ ಅಂದ್ರೆ, ಮೊದಲನೆಯವನು ಎರಡನೆಯವನನ್ನ ತಳ್ಳಿ, ಅವನು ಮೂರನೆಯವನನ್ನ ತಳ್ಳಿದರೆ, ಮೊದಲನೆಯವನಿಗೂ ಮೂರನೆಯವನಿಗೂ ಸಂಬಂಧ ಇದ್ದ ಹಾಗೆ ಕಾಣುತ್ತೆ. ಸುಮಾರು 2009ರಿಂದ 2011ರ ನಡುವೆ ಸಂಖ್ಯಾಶಾಸ್ತ್ರೀಯ ಭೌತಶಾಸ್ತ್ರದ ವಿಧಾನಗಳು ಈ ಸಿಕ್ಕು ಬಿಡಿಸಿದವು. 2018ರ ಆಲ್ಫಾಫೋಲ್ಡ್ ಇದೇ ಜಾಡಿನಲ್ಲಿ ಮುಂದೆ ಹೋಗಿ ಜೋಡಿಗಳ ಅಂತರವನ್ನೇ ಊಹಿಸಿತು. 2020ರಲ್ಲಿ ಬಂದ ಎರಡನೇ ಆವೃತ್ತಿ ಜಗತ್ತನ್ನೇ ಬೆರಗುಗೊಳಿಸಿತು. ಅದು ಕಲಿತದ್ದು 1971ರಲ್ಲಿ ಬರೀ 7 ರಚನೆಗಳಿಂದ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕ್‌ನಿಂದ. ಈಗ ಅದರಲ್ಲಿ 2 ಲಕ್ಷಕ್ಕೂ ಹೆಚ್ಚು ರಚನೆಗಳಿವೆ.

ಈ ಕಥೆಗೆ ನಮ್ಮ ಊರಿನ ನಂಟೂ ಇದೆ. 1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಅದೇ ವಿಭಾಗದಲ್ಲಿ ಸರಸ್ವತಿ ವಿಶ್ವೇಶ್ವರ ಅವರ ತಂಡ ಅಮೈನೊ ಆಮ್ಲಗಳ ಸಂಪರ್ಕಗಳನ್ನ ಒಂದು ಜಾಲವಾಗಿ ನೋಡಿತು. ನಿಮ್ಮ ಫ್ರೆಂಡ್ಸ್ ಗುಂಪಲ್ಲಿ ಎಲ್ಲರಿಗೂ ಕೊಂಡಿಯಾಗಿರೋರು ಒಬ್ಬರು ಇರ್ತಾರಲ್ಲ, ಹಾಗೆ ಪ್ರೋಟೀನ್‌ನಲ್ಲಿ ಯಾರಿಗೆ ಹೆಚ್ಚು ನಂಟು, ಅವರಿಂದ ರಚನೆಗೆ ಎಷ್ಟು ಬಲ ಅನ್ನೋ ಹುಡುಕಾಟ ಅದು.

ರಾಮಚಂದ್ರನ್ 2001ರಲ್ಲಿ ತೀರಿಕೊಂಡರು. ಇವತ್ತಿಗೂ ಯಾರೇ ಹೊಸ ಪ್ರೋಟೀನ್ ರಚನೆಯನ್ನ ಡೇಟಾ ಬ್ಯಾಂಕ್‌ಗೆ ಸಲ್ಲಿಸಿದರೂ, ಅದರ ತಪಾಸಣಾ ವರದಿಯಲ್ಲಿ ಎರಡು ಪ್ರಶ್ನೆ ಇದ್ದೇ ಇರುತ್ತೆ. ಪರಮಾಣುಗಳು ಎಲ್ಲಾದರೂ ಡಿಕ್ಕಿ ಹೊಡೀತಿವೆಯಾ? ರಾಮಚಂದ್ರನ್ ನಕ್ಷೆಯ ಹೊರಗೆ ಯಾರಾದರೂ ಬಿದ್ದಿದ್ದಾರಾ? ಮದ್ರಾಸಿನ ಮಾದರಿಯ ಮೇಲೆ ಕೇಂಬ್ರಿಡ್ಜ್ ಎತ್ತಿದ ಅದೇ ಆಕ್ಷೇಪ. ಈಗ ಅದಕ್ಕೆ ಎಲ್ಲರೂ ಉತ್ತರ ಕೊಡಬೇಕು, ಅದೂ ಮದ್ರಾಸಿನ ನಕ್ಷೆ ಮುಂದಿಟ್ಟುಕೊಂಡು.